ಮೂವತ್ತೈದನೇ ನಿಮಿಷದ ಹನಿ

ಟಪ್. ಟಪ್. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು ಟಪ್.

ಗಡಿಬಿಡಿ ಸ್ಟಾಪ್‌ವಾಚ್ ನೋಡಿದಳು. ಮೂವತ್ತೈದನೇ ನಿಮಿಷ. ಇಲ್ಲಿಯವರೆಗೆ ನಿಮಿಷಕ್ಕೆ ಸರಿಯಾಗಿ ನಲವತ್ತು ಹನಿ ಬೀಳುತ್ತಿದ್ದವು. ಈಗ ಎಣಿಸಿದರೆ ಇಪ್ಪತ್ತಾರೇ.

ಗಡಿಬಿಡಿ ಎಂಬುದು ಶಾಲೆಯ ಹಾಜರಿಯಲ್ಲಿರುವ ಹೆಸರಲ್ಲ. ಎಡಗಾಲಿನ ಶೂ ಬಲಗಾಲಿಗೆ ಹಾಕಿಕೊಂಡು ಓಡುವ ಹುಡುಗಿಯನ್ನು ಮನೆಯವರು ಇನ್ನೇನೆಂದು ಕರೆದಾರು? ಶನಿವಾರ ಶಾಲೆ ಅರ್ಧ ದಿನ. ಹಾಗಾಗಿ ಅಮ್ಮನ ಲ್ಯಾಬಿಗೆ ಬಂದಿದ್ದಳು.

ಅಮ್ಮ ರಕ್ತ ಸೋಸುವ ಫಿಲ್ಟರ್ ಡಿಸೈನ್ ಮಾಡುವ ಎಂಜಿನಿಯರ್. ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಮಡಿಸಿಟ್ಟ ತೆಳು ಬಲೆ. ಮೇಲೆ ತೂಗುಹಾಕಿದ ಚೀಲದಿಂದ ರಕ್ತದಷ್ಟೇ ಮಂದವಾದ ಕೆಂಪು ದ್ರವ ಅದರೊಳಗೆ ಇಳಿದು, ಕೆಳಗೆ ಹನಿಹನಿಯಾಗಿ ಬೀಳಬೇಕು. ಒಂದು ಗಂಟೆ ಒಂದೇ ವೇಗದಲ್ಲಿ ಬಿದ್ದರೆ ಪಾಸು.

"ಐದೈದು ನಿಮಿಷಕ್ಕೊಂದ್ಸಲ ಎಣಿಸಿ ಬರಿ. ಏನನ್ನೂ ಮುಟ್ಬೇಡ," ಎಂದು ಹೇಳಿ ಅಮ್ಮ ಪಕ್ಕದ ಕೋಣೆಗೆ ಮೀಟಿಂಗಿಗೆ ಹೋಗಿದ್ದಳು.

ಈ ಫಿಲ್ಟರ್ ಫೇಲ್ ಆಗಬಾರದಿತ್ತು. ಗಡಿಬಿಡಿಯ ತಮ್ಮ ಬಟಾಣಿಗೆ ಐದು ವರ್ಷ. ಅವನ ಮೈಯಲ್ಲಿ ರಕ್ತ ಸಾಕಷ್ಟು ಆಗುವುದಿಲ್ಲ, ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಹಾಕಿಸಬೇಕು. ಒಮ್ಮೊಮ್ಮೆ ಅರ್ಧದಲ್ಲೇ ಹನಿ ನಿಂತುಬಿಡುತ್ತದೆ. ಆಗ ನರ್ಸಕ್ಕ ಫಿಲ್ಟರಿಗೆ ಬೆರಳಿನಿಂದ ಟಕ್ ಟಕ್ ಎಂದು ತಟ್ಟುತ್ತಾಳೆ. ಅದಕ್ಕೂ ಜಗ್ಗದಿದ್ದರೆ ಸೂಜಿ ತೆಗೆದು ಇನ್ನೊಂದು ಕೈಗೆ ಚುಚ್ಚುತ್ತಾಳೆ. ಬಟಾಣಿ ಅಕ್ಕನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಾನೆಂದರೆ, ಅವನ ಉಗುರಿನ ಗುರುತು ಸಂಜೆಯವರೆಗೂ ಹೋಗುವುದಿಲ್ಲ.

ಗಡಿಬಿಡಿ ಬಾಗಿಲ ಕಡೆ ನೋಡಿದಳು. ಬೆರಳು ಚಾಚಿ ಡಬ್ಬಿಗೆ ತಟ್ಟಿದಳು. ಟಕ್, ಟಕ್.

ಹನಿಗಳು ಮತ್ತೆ ಓಡತೊಡಗಿದವು. ಅವಳು "ನಲವತ್ತು" ಎಂದು ಬರೆದಳು. ಐವತ್ತನೇ ನಿಮಿಷದಲ್ಲಿ ಇನ್ನೊಮ್ಮೆ ತಟ್ಟಿದಳು.

ಅಮ್ಮ ಬಂದವಳೇ ಹಾಳೆ ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟಳು. "ಹತ್ತು ಡಿಸೈನ್ ಹಾಳಾಯ್ತು ಕಣೇ. ಹನ್ನೊಂದನೇದು ದಾರಿಗೆ ಬಂತು ನೋಡು." ಎಷ್ಟೋ ದಿನಗಳ ಮೇಲೆ ಅಮ್ಮ ನಕ್ಕಿದ್ದಳು. ಆಗಲೇ ಅಚ್ಚಿನ ಮಾಮನಿಗೆ ಫೋನ್ ಮಾಡಿದಳು. ಡಬ್ಬಿಗೆ ಉಕ್ಕಿನ ಅಚ್ಚು ಕೊರೆಯುವವನು ಅವನು.

ರಾತ್ರಿ ಊಟಕ್ಕೆ ಕೂತಾಗ ಬಟಾಣಿ ಕೇಳಿದ, "ಅಮ್ಮ, ನಿನ್ ಫಿಲ್ಟರ್‌ನೂ ನರ್ಸಕ್ಕ ತಟ್ಬೇಕಾ?"

"ಬೇಡ ಕಣೋ. ಇಪ್ಪತ್ತು ಬೆಡ್‌ಗೆ ಒಬ್ಬಳೇ ನರ್ಸು. ಎಲ್ಲರ ಹತ್ರ ತಟ್ತಾ ಕೂರೋಕಾಗತ್ತಾ? ಯಾರೂ ಮುಟ್ದೇ ಇದ್ರೂ ಅದು ನಡೀಬೇಕು."

"ಹಾಗಾದ್ರೆ ಎರಡ್ನೇ ಸಲ ಚುಚ್ಚಲ್ಲ," ಎಂದು ಬಟಾಣಿ ತಾನೇ ತೀರ್ಮಾನ ಮಾಡಿಕೊಂಡು ಹಾಲು ಕುಡಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಡಿಬಿಡಿ ತನ್ನ ತೋರುಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಕಣ್ಣು ಮುಚ್ಚಿದರೆ ಆಸ್ಪತ್ರೆ ಕಾಣುತ್ತಿತ್ತು. ಬಟಾಣಿ ಮಲಗಿದ್ದಾನೆ, ನರ್ಸಕ್ಕ ದೂರದ ಬೆಡ್ಡಿನ ಹತ್ತಿರ ಇದ್ದಾಳೆ, ಇಲ್ಲಿ ಹನಿ ನಿಧಾನವಾಗುತ್ತಿದೆ. ತಟ್ಟುವವರು ಯಾರೂ ಇಲ್ಲ.

ಮರುದಿನ ಭಾನುವಾರ. ಆದರೂ ಅಚ್ಚಿನ ಮಾಮ ಬೆಳಿಗ್ಗೆಯೇ ಲ್ಯಾಬಿಗೆ ಬಂದ. ಡ್ರಾಯಿಂಗ್ ಸುರುಳಿ ಸುತ್ತಿ ಚೀಲಕ್ಕೆ ಹಾಕುತ್ತಾ ಹೇಳಿದ, "ಇನ್ನೊಂದ್ಸಲ ನೋಡ್ಬಿಡಿ ಮೇಡಂ. ಉಕ್ಕು ಕೊರೆದ್ಮೇಲೆ ಯಾರಪ್ಪ ಬಂದ್ರೂ ತಿದ್ದೋಕಾಗಲ್ಲ."

"ನೋಡಾಯ್ತು," ಎಂದಳು ಅಮ್ಮ.

ಮಾಮ ಚೀಲದ ಜಿಪ್ ಎಳೆದ. ಅವನು ಬಾಗಿಲು ದಾಟುವಷ್ಟರಲ್ಲಿ ಗಡಿಬಿಡಿ ಹೋಗಿ ಆ ಚೀಲ ಹಿಡಿದುಕೊಂಡಳು.

"ನಾನು ತಟ್ಟಿದೆ," ಎಂದಳು. "ಅಮ್ಮ, ನಿನ್ನೆ ಅದು ನಿಧಾನ ಆಯ್ತು. ನಾನು ತಟ್ಟಿ ನಲವತ್ತು ಅಂತ ಬರೆದೆ."

ಅಮ್ಮನ ಮುಖ ಇಳಿದುಹೋಯಿತು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಗಡಿಬಿಡಿಗೆ. ಅಮ್ಮ ಬೈಯಲಿಲ್ಲ, ನಿನ್ನೆಯ ಹಾಳೆ ಎತ್ತಿಕೊಂಡಳು.

ಅದನ್ನು ನೋಡುತ್ತಲೇ ಕೇಳಿದಳು, "ಯಾವಾಗ ತಟ್ಟಿದ್ದು?"

"ಮೂವತ್ತೈದಕ್ಕೆ. ಆಮೇಲೆ ಐವತ್ತಕ್ಕೆ."

"ತಟ್ಟಿದ ತಕ್ಷಣ ಸರಿಹೋಯ್ತಾ? ಇಲ್ಲಾ ಮೆಲ್ಲಮೆಲ್ಲಗಾ?"

"ತಕ್ಷಣ."

ಅಮ್ಮನೂ ಮಾಮನೂ ಮುಖ ಮುಖ ನೋಡಿಕೊಂಡರು. "ಹಾಗಾದ್ರೆ ಬಲೆ ಕಟ್ಟಿಕೊಂಡಿಲ್ಲ," ಎಂದ ಮಾಮ. "ಎಲ್ಲೋ ಗಾಳಿ ಗುಳ್ಳೆ ಕೂತಿದೆ." ಅವನು ಚೀಲ ಕೆಳಗಿಟ್ಟ.

ಅಮ್ಮ ಹೊಸ ಫಿಲ್ಟರ್ ಜೋಡಿಸಿ ಕೆಂಪು ದ್ರವ ಬಿಟ್ಟಳು. ಆಮೇಲೆ ಸ್ಟಾಪ್‌ವಾಚನ್ನೂ ಪೆನ್ಸಿಲನ್ನೂ ಅದೇ ಹಾಳೆಯನ್ನೂ ಗಡಿಬಿಡಿಯ ಮುಂದೆ ಇಟ್ಟಳು. "ಎಣಿಸು."

"ನಾನಾ?" ಎಂದಳು ಗಡಿಬಿಡಿ.

"ಹೂಂ. ನೀನೇ."

ಗಡಿಬಿಡಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಬರೆಯುವಾಗ ಮಾತ್ರ ಒಂದು ಕೈ ಹೊರಗೆ ಬರುತ್ತಿತ್ತು. ನಲವತ್ತು. ನಲವತ್ತು. ಮೂವತ್ತೈದನೇ ನಿಮಿಷಕ್ಕೆ ಮತ್ತೆ ಅದೇ ಆಯಿತು. ಟಪ್. ಟಪ್. ಆಮೇಲೆ ಏನೂ ಇಲ್ಲ. ಬೆರಳು ತುರಿಸಿತು. ಒಂದೇ ಒಂದು ಟಕ್ ಸಾಕಿತ್ತು. ಅವಳು ಬೆರಳಿನ ಮೇಲೆ ಇನ್ನಷ್ಟು ಭಾರ ಹಾಕಿ ಕೂತಳು. ನೋಡುತ್ತಾ ಸುಮ್ಮನಿರುವುದು ಇಷ್ಟು ಭಯದ ಕೆಲಸ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಅಮ್ಮ ಬಗ್ಗಿ ಟಾರ್ಚ್ ಬಿಟ್ಟಳು. ಡಬ್ಬಿಯ ಮೇಲಿನ ಮೂಲೆಯಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. "ಈ ಮೂಲೆ ಚೂಪಾಯ್ತು. ದುಂಡಗೆ ಮಾಡ್ಬೇಕು," ಎಂದು ಮಾಮನಿಗೆ ಹೇಳಿದಳು. ಆಮೇಲೆ ಮಗಳ ಕಡೆ ತಿರುಗಿದಳು. "ಎಷ್ಟು?"

ಮುಂದಿನ ವಾರ ಬಟಾಣಿಗೆ ಹಳೆಯ ಫಿಲ್ಟರೇ. ನರ್ಸಕ್ಕ ತಟ್ಟುತ್ತಾಳೆ, ಅವನು ಅಕ್ಕನ ಕೈ ಹಿಡಿಯುತ್ತಾನೆ. ಹಿಡಿಯಲಿ.

ಗಡಿಬಿಡಿ ತೊಡೆಯ ಕೆಳಗಿನಿಂದ ಕೈ ತೆಗೆದಳು. ನಿನ್ನೆ ನಲವತ್ತು ಎಂದು ಬರೆದಿದ್ದ ಜಾಗದ ಪಕ್ಕದಲ್ಲಿ, ಗಡಿಬಿಡಿ ಮಾಡದೆ, ನಿಧಾನವಾಗಿ ಬರೆದಳು: ಇಪ್ಪತ್ತಾರು.