ಹಾಲಿಗೆ ಬಿದ್ದ ಬೆಲ್ಲ

ಭಾನುಪ್ರಕಾಶ ಕಾರಿನಿಂದ ಇಳಿಯುವುದನ್ನು ನಾನು ಅಡುಗೆಮನೆ ಕಿಟಕಿಯಿಂದ ಕದ್ದು ನೋಡಿದೆ. ಸತ್ಯಮಂಗಲದ ಫ್ಯಾಕ್ಟರಿ ಆಫೀಸಿನಲ್ಲಿ ಪಕ್ಕದ ಟೇಬಲ್ಲಿನಿಂದ ವರ್ಷವಿಡೀ ನನ್ನ ತಲೆ ತಿಂದ ಪುಣ್ಯಾತ್ಮ, ಇವತ್ತು ಕುಣಿಗಲ್‌ನಿಂದ ಅಪ್ಪ, ಅಮ್ಮ, ಅಜ್ಜಿಯ ಸಮೇತ ಗುಬ್ಬಿಗೆ ಹೆಣ್ಣು ನೋಡಲು ಬಂದಿದ್ದ.

ಅವನು ಕಿಟಕಿಯತ್ತ ನೋಡಿ ಹುಬ್ಬು ಹಾರಿಸಿದ. ಅಷ್ಟೇ! ಡಿಕಾಕ್ಷನ್‌ಗೆ ಹಾಕಬೇಕಿದ್ದ ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಿಬಿಟ್ಟೆ. ಹಾಲು ಒಡೆದುಹೋಯಿತು.

"ಅಯ್ಯೋ ನನ್ ಕರ್ಮವೇ!" ಅಮ್ಮ ಹಣೆ ಚಚ್ಚಿಕೊಂಡಳು. "ಇವತ್ತೇ ಹಾಲ್ ಒಡೀಬೇಕಾ ಸುಧಾ? ಅಪಶಕುನ ಕಣೇ. ಅವ್ರಿಗೆ ಗೊತ್ತಾದ್ರೆ ಎದ್ದೇ ಹೋಗ್ತಾರೆ!"

ಮನೆಯಲ್ಲಿ ಬೇರೆ ಹಾಲಿರಲಿಲ್ಲ. ಹಿತ್ತಲಿಗೆ ಓಡಿದೆ. ನಾನೇ ಬೆಳೆಸಿದ, ನಿಂಬೆ ಘಮದ ಮಜ್ಜಿಗೆಹುಲ್ಲು, ತುಳಸಿ, ಎರಡು ದೊಡ್ಡಪತ್ರೆ ಎಲೆ ಕಿತ್ತು ತಂದು, ಶುಂಠಿ ಜಜ್ಜಿ ನೀರಿಗೆ ಹಾಕಿ ಕುದಿಸಿದೆ. ಭಾನುವನ್ನು ಬಿಟ್ಟರೆ ನನಗೆ ಬೇರೆ ಯಾರೂ ಬೇಡವಾಗಿತ್ತು.

ಅವನ ಅಜ್ಜಿ ದೊಡ್ಡಗಂಗಮ್ಮ ಲೋಟ ಮೂಸಿದರು. "ಇದೇನವ್ವ, ಕಾಫಿ ಅಲ್ವಾ?"

"ಹಿತ್ತಲ ಸೊಪ್ಪಿನ ಟೀ ಅಜ್ಜಿ."

ಭಾನುವಿನ ಮುಖ ಬಾಡಿತು. "ಹುಡುಗ, ಹುಡುಗಿ ಮಾತಾಡ್ಕೊಳ್ಳಿ" ಎಂದು ಹಿರಿಯರು ಹಿತ್ತಲಿಗೆ ಕಳಿಸಿದಾಗಲೂ ಅವನ ಲೋಟ ತುಂಬಿಯೇ ಇತ್ತು.

"ಬೇಡ ಅಂತ ಬಾಯ್ಬಿಟ್ಟು ಹೇಳ್ಬೋದಿತ್ತು ಸುಧಾ. ಹೆಣ್ಣು ನೋಡೋಕೆ ಬಂದೋನಿಗೆ ಕಷಾಯ ಕೊಟ್ಟು ಸಾಗಾಕ್ತಾರಾ?"

"ಬೇಡ ಅಂತ ಯಾರಂದ್ರೋ? ಎಲ್ಲಾ ನಿನ್ನಿಂದಾನೇ! ಹುಬ್ಬು ಯಾಕೆ ಹಾರಿಸ್ದೆ? ನಿನ್ನೇ ನೋಡ್ತಾ ಹಾಲಿಗೆ ಬೆಲ್ಲ ಹಾಕ್ಬಿಟ್ಟೆ, ಒಡೆದೋಯ್ತು. ನೀನೂ ಕೈ ತಪ್ಪಿ ಹೋಗ್ತೀಯಾ ಅಂತ ಜೀವ ಬಾಯಿಗೆ ಬಂದಿತ್ತು ಕಣೋ!"

"ಅಬ್ಬಾ!" ಅವನು ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ. ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದ. "ಸೂಪರ್ ಆಗಿದೆ ಮಾರಾಯ್ತಿ."

"ಏನವ್ವ, ಹಾಲ್ ಒಡೀತಾ?"

ಹಿತ್ತಲ ಬಾಗಿಲಲ್ಲಿ ದೊಡ್ಡಗಂಗಮ್ಮ ನಿಂತಿದ್ದರು.

"ಹೂಂ ಅಜ್ಜಿ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಕುದಿಯೋ ಹಾಲಿಗೆ ಬೆಲ್ಲ ಸುರಿದ್ರೆ ಒಡೀದೆ ಇನ್ನೇನಾಯ್ತದೆ? ಶಕುನ ಯಾಕೆ ಬೈಬೇಕು, ಬುಡು! ಅದನ್ನ ಚೆಲ್ಲಿಲ್ಲ ತಾನೇ?"

"ಇಲ್ಲ ಅಜ್ಜಿ."

"ಹಂಗಾದ್ರೆ ಏಲಕ್ಕಿ ಹಾಕಿ ಬತ್ತಿಸು. ಒಪ್ಪಿಗೆ ಆದ್ಮೇಲೆ ಎಲ್ರೂ ಬಾಯಿ ಸಿಹಿ ಮಾಡ್ಕೋಬೇಕಲ್ಲ."

ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ ನಾನು ಒಳಗೆ ಓಡಿದೆ. ಒಲೆ ಹಚ್ಚುವಷ್ಟರಲ್ಲಿ ಕಿಟಕಿಯಾಚೆಯಿಂದ ಭಾನು ಕೂಗಿದ:

"ಸುಧಾ, ಈ ಸಲ ಈ ಕಡೆ ನೋಡ್ಬೇಡ ಕಣೇ!"

ನೋಡಿದೆ.