ನೆರಳಲ್ಲಿಟ್ಟ ಹೆಂಚು

ಊಟಕ್ಕೆಂದು ಹೊರಟಿದ್ದ ವೆನಿಂಗ್, ನೀರಿನ ಬಾಟಲಿ ಮರೆತದ್ದು ನೆನಪಾಗಿ ಅರ್ಧ ದಾರಿಯಿಂದ ಹಿಂದಿರುಗಿದಳು. ಗೊಬ್ಬರದ ಅಂಗಳದ ಗೇಟಿನಲ್ಲೇ ನಿಂತುಬಿಟ್ಟಳು.

ನಡುಮಧ್ಯಾಹ್ನ. ಬಿಸಿಲಿಗೆಂದೇ ಓರೆಯಾಗಿ ಜೋಡಿಸಿದ್ದ ಅವಳ ಬಿಳಿ ಹೆಂಚುಗಳ ಮೇಲೆ, ಅಂಗಳ ನಡೆಸುವ ಪರ್ಮಾದಿ ಹಳೆಯ ಬಾತಿಕ್ ಬಟ್ಟೆ ಹೊದಿಸುತ್ತಿದ್ದ. ಮಲಗಿದ ಮಗುವಿಗೆ ಹೊದಿಸುವಷ್ಟು ಮೆಲ್ಲಗೆ.

"ಏನ್ ಮಾಡ್ತಿದೀರಿ, ಮಾಸ್?" ಎಂದಳು, ಜಾವಾದಲ್ಲಿ ಯುವಕರನ್ನು ಗೌರವದಿಂದ ಕರೆಯುವ ಹಾಗೆ.

ಅವನು ಬೆಚ್ಚಿ, ಆಮೇಲೆ ನಾಚಿ ನಕ್ಕ. "ನಿಮ್ಮ ಹೆಂಚಿನ ಬಣ್ಣ ಮಂಕಾಗ್ಬಾರ್ದಲ್ಲ. ಅಮ್ಮ ನೀಲಿಯಲ್ಲಿ ಅದ್ದಿದ ಬಟ್ಟೇನ ಯಾವತ್ತೂ ಬಿಸಿಲಿಗೆ ಹಾಕಲ್ಲ."

"ದಿನಾ ಮುಚ್ತೀರಾ?"

"ನೀವು ಊಟಕ್ಕೆ ಹೋದ ತಕ್ಷಣ. ಮೂರಕ್ಕೆ ಬರೋದ್ರೊಳಗೆ ತೆಗೀತೀನಿ. ಹೇಳಿದ್ರೆ ಉಪಕಾರ ಎತ್ತಿ ಆಡಿದಂಗೆ ಆಗ್ತದಲ್ಲ, ಅದಕ್ಕೇ ಸುಮ್ನಿದ್ದೆ."

ವೆನಿಂಗ್ ಹಾಗೇ ಕಟ್ಟೆಯ ಮೇಲೆ ಕುಳಿತಳು. ಸಂತೆಯ ತರಕಾರಿ ಕಸ ಕೊಳೆತು ಗೊಬ್ಬರವಾಗುವಾಗ ಸೋರುವ ಕಂದು ನೀರು ಕೆಳಗಿನವರ ಮೀನುಕೊಳ ಸೇರುತ್ತಿತ್ತು. ಶನಿವಾರದೊಳಗೆ ಆ ನೀರು ತಿಳಿಯಾಗದಿದ್ದರೆ ಅಂಗಳ ಮುಚ್ಚಬೇಕೆಂದು ಊರ ಮುಖಂಡರು ಹೇಳಿಯಾಗಿತ್ತು. ಅವಳು ಯೋಗ್ಯಕರ್ತಾದ ಕಾಲೇಜಿನಿಂದ ಬಂದು, ಧೂಳಿಗಿಂತ ಸಣ್ಣ ಟೈಟಾನಿಯಂ ಕಣಗಳನ್ನು ಹೆಂಚಿಗೆ ಅಂಟಿಸಿದ್ದಳು. ಬಿಸಿಲು ಬಿದ್ದರೆ ಆ ಕಣಗಳು ಎಚ್ಚೆತ್ತು, ಮೇಲೆ ತೆಳುವಾಗಿ ಹರಿಯುವ ನೀರಿನ ಕೊಳೆಯನ್ನು ಒಡೆದುಹಾಕಬೇಕು. ಮೂರು ವಾರವಾದರೂ ನೀರು ಕಾಫಿಯಂತೆಯೇ ಇತ್ತು. ತನ್ನ ಲೆಕ್ಕವೇ ತಪ್ಪೆಂದು ಅವಳು ಎಷ್ಟು ಅತ್ತಿದ್ದಳೋ!

ಈಗ ನಗು ಉಕ್ಕಿಬಂತು. "ಅದು ಬಣ್ಣ ಅಲ್ಲ, ಮಾರಾಯ್ರೇ! ಮಟಮಟ ಮಧ್ಯಾಹ್ನದ ಬಿಸಿಲೇ ಅದಕ್ಕೆ ಊಟ. ಮೂರು ವಾರ ಉಪವಾಸ ಕೆಡವಿದೀರಲ್ಲ!"

ಜಗಲಿಯಲ್ಲಿ ಬಾತಿಕ್ ಬಟ್ಟೆಗೆ ಮೇಣದ ಗೆರೆ ಎಳೆಯುತ್ತಿದ್ದ ಅವನ ತಾಯಿ ಸುಮಿಲಾ ತಲೆಯೆತ್ತಿದಳು. "ಅಯ್ಯೋ ಪೆದ್ದೇ! ನನ್ನ ಬಟ್ಟೆಗೆ ಒಂದಿನಾನೂ ಇಷ್ಟು ಆರೈಕೆ ಮಾಡ್ಲಿಲ್ಲ ನೀನು!"

ಪರ್ಮಾದಿಯ ಕಿವಿ ಕೆಂಪಾಯಿತು. ಬಟ್ಟೆ ಸುತ್ತಿ ಎದೆಗವಚಿಕೊಂಡು ನಿಂತವನ ಕಡೆ ವೆನಿಂಗ್ ಕಣ್ಣೆತ್ತಿ ನೋಡಿದಳು, ಅವನೂ ನೋಡಿದ, ಇಬ್ಬರೂ ಥಟ್ಟನೆ ಹೆಂಚಿನ ಕಡೆ ತಿರುಗಿದರು.

ಆಮೇಲಿನ ಐದು ದಿನ ಹೆಂಚುಗಳು ಮನಸಾರೆ ಬಿಸಿಲುಂಡವು. ನೀರು ಕಾಫಿಯಿಂದ ಚಹಾ ಆಯಿತು, ಚಹಾದಿಂದ ಒಣಹುಲ್ಲಿನ ಬಣ್ಣಕ್ಕೆ ಬಂತು. ಪಂಪು ಸರಿ ಮಾಡುವ ನೆಪದಲ್ಲಿ ಅವನು ಅಲ್ಲೇ ಸುಳಿದಾಡುತ್ತಿದ್ದ. ಕೆಡದ ಪಂಪನ್ನು ಅವಳೂ ಮತ್ತೆ ಮತ್ತೆ ತೋರಿಸುತ್ತಿದ್ದಳು.

ಶನಿವಾರ ಮುಖಂಡರು ಆ ನೀರನ್ನು ಬಕೆಟ್ಟಿಗೆ ಹಿಡಿಸಿ, ತಮ್ಮ ಕೊಳದ ಮೂರು ಮೀನುಮರಿ ಬಿಟ್ಟು, ಎರಡು ಲವಂಗದ ಕ್ರೆಟೆಕ್ ಸಿಗರೇಟು ಸೇದುವಷ್ಟು ಹೊತ್ತು ಕಾದರು. ಮರಿಗಳು ಬಾಲ ಆಡಿಸಿಕೊಂಡೇ ಇದ್ದವು.

"ಆಯ್ತು, ಅಂಗಳ ಇರ್ಲಿ ಬಿಡಪ್ಪ," ಎಂದು ಎದ್ದರು.

ಅವರು ಹೋದ ಮೇಲೆ ಪರ್ಮಾದಿಯ ಮುಖದಲ್ಲಿ ಗೆಲುವಿರಲಿಲ್ಲ.

"ಯಾಕೆ ಮಾಸ್? ಗೆದ್ವಲ್ಲ!"

"ನೀರು ತಿಳಿಯಾಗ್ದಿದ್ರೆ ಅಂಗಳ ಹೋಗ್ತಿತ್ತು. ತಿಳಿಯಾದ್ರೆ ನೀವು ಹೋಗ್ತೀರಿ. ದೇವರ ಹತ್ರ ಏನು ಕೇಳ್ಬೇಕು ಅಂತಾನೇ ಗೊತ್ತಾಗ್ಲಿಲ್ಲ ನಂಗೆ."

ವೆನಿಂಗ್ ಬಕೆಟ್ಟಿನ ಮುಂದೆ ಕುಳಿತಳು. "ಮಳೆಗಾಲದಲ್ಲಿ ಹೆಂಚು ಹೇಗೆ ನಡೆಯುತ್ತೆ ಅಂತ ನೋಡ್ಬೇಕು," ಎಂದಳು, ಬಕೆಟ್ಟಿನ ಮೀನಿಗೆ ಹೇಳುವಂತೆ. "ಇನ್ನೊಂದು ವರ್ಷ ಇಲ್ಲೇ ಕೆಲಸ ಅಂತ ನಿನ್ನೇನೇ ಪ್ರೊಫೆಸರಿಗೆ ಬರೆದುಬಿಟ್ಟೆ. ಒಂದು ವರ್ಷ ಸಾಕಾ?"

ಅವನು ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ.

"ಸಾಲದು," ಎಂದ.