ಬೆರಳಿಗೆ ಗೊತ್ತಿತ್ತು

"ಡಾಕ್ಟ್ರೇ, ನಾವು ಬಂದು ಎಷ್ಟೊತ್ತಾಯ್ತು! ನಮ್ಮಮ್ಮನ ಕಾಲಿನ ಪಟ್ಟಿ ಇವತ್ತು ನೀವು ಬಿಚ್ತೀರೋ, ಇಲ್ಲ ನಾನೇ ಬಿಚ್ಚಲೋ?"

ಡ್ರೆಸ್ಸಿಂಗ್ ಕೋಣೆಯ ಬಾಗಿಲು ದಬ್ಬಿಕೊಂಡು ಬಂದವನು ಅಲ್ಲೇ ನಿಂತುಬಿಟ್ಟ. ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ ಹೇಮಾಶ್ರೀ ತಿರುಗಿದಳು. ಕಣ್ಣು ಕೆಂಪು, ಮೂಗಿನ ತುದಿಯೂ ಕೆಂಪು.

"ಡಾಕ್ಟ್ರೇ ಅನ್ನಬೇಡಿ ನನ್ನ! ನಾನು ಯಾವ ಡಾಕ್ಟ್ರೂ ಅಲ್ಲ!"

ಅವನು ಬೆಚ್ಚಿದ. ಅವನ ಹಿಂದೆ ಕುಂಟುತ್ತ ಬಂದ ಅವನ ತಾಯಿ ಶಿವಗಂಗಮ್ಮ ಮಾತ್ರ ಬೆಚ್ಚಲಿಲ್ಲ.

"ಅಯ್ಯೋ ಶಿವನೇ! ನೀನು ಡಾಕ್ಟ್ರಲ್ದಿದ್ರೆ ಇಷ್ಟು ದಿನ ನನ್ ಕಾಲಿಗೆ ಕೈ ಹಾಕಿದ್ದು ಯಾರವ್ವ?"

ನಗು ಬರಬೇಕಾದ ಮಾತು. ಹೇಮಾಶ್ರೀಗೆ ಅಳು ಬಂತು... ಬಿಕ್ಕಿ ಬಿಕ್ಕಿ ಅತ್ತಳು. ಅರಸೀಕೆರೆಯ ಕೊಬ್ಬರಿ ಮಂಡಿ ಷಡಕ್ಷರಪ್ಪನವರ ಮಗ ಇಂದ್ರೇಶ್, ವ್ಯಾಪಾರಕ್ಕೆ ನಿಂತರೆ ಎದುರಿನವರ ಬಾಯಿ ಮುಚ್ಚಿಸುವವನು, ಒಂದು ಹುಡುಗಿಯ ಕಣ್ಣೀರಿಗೆ ಏನು ಮಾಡಬೇಕೆಂದು ತಿಳಿಯದೆ ಟ್ರೇಯಲ್ಲಿದ್ದ ಹತ್ತಿಯ ಉಂಡೆ ತೆಗೆದು ಅವಳ ಕೈಗೆ ಕೊಟ್ಟ.

ಅವಳ ಅಳುವಿಗೆ ಕಾರಣವಿತ್ತು. ಆ ಬೆಳಿಗ್ಗೆ ಫಲಿತಾಂಶ ಬಂದಿತ್ತು. ಎಂ.ಬಿ.ಬಿ.ಎಸ್. ಮುಗಿಸಿ, ಸರ್ಜರಿಯಲ್ಲಿ ಮೂರು ವರ್ಷದ ತರಬೇತಿಯನ್ನೂ ಮುಗಿಸಿದವಳು ಹೇಮಾಶ್ರೀ. ಸರ್ಜನ್ ಎನಿಸಿಕೊಳ್ಳಲು ಕೊನೆಯ ಪರೀಕ್ಷೆಯೊಂದು ಬಾಕಿ. ಅದರಲ್ಲಿ ಥಿಯರಿ ಒಂದೇ ಏಟಿಗೆ ಪಾಸು. ಪ್ರಾಕ್ಟಿಕಲ್ ಎರಡನೇ ಸಲವೂ ಹೋಗಿತ್ತು. ಇನ್ನು ಉಳಿದಿದ್ದು ಒಂದೇ ಅವಕಾಶ. ಅದೂ ಹೋದರೆ ಥಿಯರಿಯಿಂದ ಮತ್ತೆ ಅ ಆ ಇ ಈ.

ಗೊತ್ತಿಲ್ಲದೆ ಫೇಲಾಗಿದ್ದರೆ ಇಷ್ಟು ಸಂಕಟ ಇರುತ್ತಿರಲಿಲ್ಲ. ಪ್ರಾಕ್ಟಿಕಲ್‌ನಲ್ಲಿ ನಿಜವಾದ ರೋಗಿಯನ್ನೇ ಮುಂದೆ ಕೂರಿಸುತ್ತಾರೆ. ಮುಟ್ಟಿ ನೋಡಿ ಕಾಯಿಲೆ ಏನೆಂದು ಹೇಳಬೇಕು. ಎರಡು ಸಲವೂ ಅವಳು ಸರಿಯಾಗೇ ಹೇಳಿದ್ದಳು. ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡಿ "ಆರ್ ಯೂ ಶ್ಯೂರ್?" ಎಂದಿದ್ದರು. ಅಷ್ಟೇ! ಹೇಳಿದ ಉತ್ತರವನ್ನು ಅವಳೇ ವಾಪಸ್ ತೆಗೆದುಕೊಂಡಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇವಳದು ತಾನೇ ಕೈ ಕೊಡವಿಕೊಂಡ ಕಥೆ.

"ಕೈ ಪಳಗಬೇಕು ಅಂದ್ರೆ ದಿನಾ ಯಾರನ್ನಾದ್ರೂ ಮುಟ್ಟಿ ನೋಡ್ತಿರಬೇಕು. ಈ ನರ್ಸಿಂಗ್ ಹೋಮಿಗೆ ಬರೋದೆಲ್ಲ ಜ್ವರ, ಭೇದಿ..." ಶಿವಗಂಗಮ್ಮನ ಕಾಲಿನ ಪಟ್ಟಿ ಬಿಚ್ಚುತ್ತ ಹೇಮಾಶ್ರೀ ಮೂಗೆಳೆದುಕೊಂಡಳು.

"ಇವನ್ನೇ ಕೂರಿಸ್ಕೊಳವ್ವ," ಎಂದರು ಶಿವಗಂಗಮ್ಮ, ಕೈಕಡ ಒಂದು ಪಾತ್ರೆ ಕೊಡುವಷ್ಟು ಸಲೀಸಾಗಿ. "ನನ್ ಕಾಲು ವಾಸಿ ಆಗೋಗಂಟ ದಿನಾ ಬತ್ತಾನೆ. ಮೊಬೈಲ್ ನೋಡ್ಕಂಡು ಕೂತಿರ್ತಾನೆ. ಕುತ್ತಿಗೆನೋ ಹೊಟ್ಟೆನೋ, ಏನಾದ್ರೂ ಒಂದು ಉಪಯೋಗಕ್ಕೆ ಬರ್ಲಿ."

ಹಾಗೆ ಶುರುವಾಯಿತು.

ಇಂದ್ರೇಶ್ ಮಂಡಿಯ ಕೆಲಸ ಮುಗಿಸಿ ಸಂಜೆ ಬರುತ್ತಿದ್ದ. ಅಂಗಿಯ ತುಂಬ ಒಣಕೊಬ್ಬರಿಯ ವಾಸನೆ. ಸ್ಟೂಲಿನ ಮೇಲೆ ಕೂರುತ್ತಿದ್ದ. ಅವಳು ಹಿಂದೆ ನಿಂತು ಎರಡೂ ಕೈಯ ಬೆರಳುಗಳನ್ನು ಅವನ ಕುತ್ತಿಗೆಯ ಮುಂಭಾಗಕ್ಕೆ ತಂದು "ನೀರು ನುಂಗಿ" ಎನ್ನುತ್ತಿದ್ದಳು. ಥೈರಾಯ್ಡ್ ನೋಡುವ ಕ್ರಮವೇ ಹಾಗೆ. ನುಂಗಿದಾಗ ಅದು ಬೆರಳಿನ ಕೆಳಗೆ ಮೇಲೆದ್ದು ಇಳಿಯುತ್ತದೆ.

"ಇನ್ನೂ ನುಂಗಬೇಕಾ ಡಾಕ್ಟ್ರೇ? ಊರ ಕೆರೆ ಅರ್ಧ ನನ್ ಹೊಟ್ಟೇಲೈತೆ!"

"ಸುಮ್ನೆ ನುಂಗಿ. ಪೇಷೆಂಟ್ ಮಾತಾಡಬಾರದು."

"ಪೇಷೆಂಟ್ ಅಲ್ಲ ಕಣ್ರೀ, ಪೇಷೆಂಟಿನ ಮಗ!"

ಆಮೇಲೆ ಪರೀಕ್ಷಕನ ಕೆಲಸವನ್ನೂ ಅವನೇ ವಹಿಸಿಕೊಂಡ. ಅವಳು ಏನು ಹೇಳಿದರೂ ಮಂಡಿಯ ಗತ್ತಿನಲ್ಲಿ "ಗ್ಯಾರಂಟೀನಾ?" ಎಂದು ಕೇಳುವುದು. ಅವಳು ತಡವರಿಸುವುದು. ಇಬ್ಬರೂ ನಗುವುದು. ನರ್ಸ್ ಕಾಂತಮ್ಮ ಬಾಗಿಲಲ್ಲಿ ನಿಂತು ಬೇಕೆಂದೇ ಕೆಮ್ಮುವುದು. ಶಿವಗಂಗಮ್ಮನ ಕಾಲು ವಾಸಿಯಾದರೂ ಮಗ ಬರುವುದು ನಿಲ್ಲಲಿಲ್ಲ. ಹೇಮಾಶ್ರೀ ಅದನ್ನು ಗಮನಿಸಿದ್ದಳು, ಗಮನಿಸದ ಹಾಗೆ ಇದ್ದಳು.

'ಪರೀಕ್ಷೆ ಮುಗೀಲಿ... ಆಮೇಲೆ ನೋಡೋಣ.'

ಪಾಸಾಗದ ಹುಡುಗಿಗೆ ಪ್ರೀತಿಸುವ ಹಕ್ಕೂ ಇಲ್ಲವೆಂದು ಅವಳಿಗೆ ಯಾರು ಹೇಳಿದ್ದರೋ!

ಒಂದು ಸಂಜೆ ಅವಳ ಬೆರಳು ನಿಂತಿತು. ಎಡಗಡೆ, ಕೆಳಗೆ... ಹುಣಸೆಬೀಜದಷ್ಟು. ಗಟ್ಟಿ. ಮೊದಲೂ ಇದ್ದಿರಬಹುದು, ಕೈ ಈಗ ಪಳಗಿತ್ತು.

"ನುಂಗಿ... ಇನ್ನೊಂದ್ಸಲ ನುಂಗಿ."

ಅವನು ನುಂಗಿದ. ಅದೂ ಮೇಲೆದ್ದು ಇಳಿಯಿತು.

"ಇಂದ್ರೇಶ್... ಇಲ್ಲೊಂದು ಗಂಟಿದೆ."

ಅವನಿನ್ನೂ ಆಟದಲ್ಲೇ ಇದ್ದ. "ಗ್ಯಾರಂಟೀನಾ?"

ಅವಳು ಬೆರಳು ಹಿಂದೆ ತೆಗೆದಳು. 'ಎರಡು ಸಲ ಫೇಲಾದವಳ ಬೆರಳು ಇದು. ಇದರ ಮಾತು ಕೇಳಿ, ಇಲ್ಲದ ಕಾಯಿಲೆ ಹೇಳಿ, ಇವರನ್ನ ಹೆದರಿಸಲಾ?'

"ಇಲ್ಲ... ಏನಿಲ್ಲ. ನನ್ನದೇ ಭ್ರಮೆ ಇರಬೇಕು."

ಇಂದ್ರೇಶ್ ತಿರುಗಿ ಅವಳ ಮುಖವನ್ನೇ ನೋಡಿದ. ಈ ಸಲ ನಗಲಿಲ್ಲ. "ಸರಿ ಡಾಕ್ಟ್ರೇ" ಎಂದು ಎದ್ದು ಹೋದ.

ಮಾರನೆಯ ಸಂಜೆ ಅವನು ಬರಲಿಲ್ಲ. ಅದರ ಮಾರನೆಯ ಸಂಜೆಯೂ ಇಲ್ಲ. ಫೋನಿಗೊಂದು ಮೆಸೇಜ್ ಬಂತು: 'ಮಂಡೀಲಿ ಕೆಲಸ ಜಾಸ್ತಿ. ನೀವು ಚೆನ್ನಾಗಿ ಓದಿ.' ಆಮೇಲೆ ಫೋನ್ ಮಾಡಿದರೆ ಎತ್ತಲೂ ಇಲ್ಲ.

'ನಾನು ಎಂಥ ದಡ್ಡಿ ಅಂತ ಗೊತ್ತಾಗಿಹೋಯ್ತಾ? ಇದ್ದದ್ದನ್ನ ಇದೆ ಅನ್ನೋಕೂ ಧೈರ್ಯ ಇಲ್ಲದವಳು ಅಂತ?'

ಕಾಂತಮ್ಮ ಗಾಯಕ್ಕೆ ಉಪ್ಪು ತಂದಳು. "ಡಾಕ್ಟ್ರಮ್ಮ, ನಿಮ್ಗೆ ಗೊತ್ತಾ? ಇಂದ್ರೇಶ್ ಅವ್ರಿಗೆ ಬೇಲೂರಿನ ಅತ್ತೆ ಮಗಳನ್ನೇ ತರ್ತಾರಂತೆ. ಹುಡುಗ ಈಗ ಅಲ್ಲೇ ಇದ್ದಾನಂತೆ."

ಅತ್ತೆ ಮಗಳು! ಹಕ್ಕಿನ ಸಂಬಂಧ. ಕಣಕಟ್ಟೆಯ ರಾಗಿ ಹೊಲದಿಂದ ಬಂದ, ಬೇರೆ ಜಾತಿಯ, ಎರಡು ಸಲ ಫೇಲಾದ ಹುಡುಗಿ ಎಲ್ಲಿ, ಅವಳೆಲ್ಲಿ! ಪುಸ್ತಕ ತೆರೆದರೆ ಅಕ್ಷರಗಳು ಕಲಸಿಹೋಗುತ್ತಿದ್ದವು.

ಆ ವಾರ ನರ್ಸಿಂಗ್ ಹೋಮಿನವರು ಹಳೇಬೀಡಿನಲ್ಲಿ ಆರೋಗ್ಯ ಶಿಬಿರ ಮಾಡಿದರು. ಮಧ್ಯಾಹ್ನ ಅವಳು ಬಸ್ ಸ್ಟ್ಯಾಂಡಿನ ಎದುರು ಟೀ ಕುಡಿಯುತ್ತಿರುವಾಗ ಕಾರೊಂದು ಬಂದು ನಿಂತಿತು. ಓಡಿಸುತ್ತಿದ್ದವಳು ಚೆಂದದ ಹುಡುಗಿ. ಪಕ್ಕದಲ್ಲಿ ಇಂದ್ರೇಶ್, ಆ ಬಿಸಿಲಲ್ಲೂ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು. ಹುಡುಗಿ ಕೈ ಚಾಚಿ ಆ ಟವೆಲನ್ನು ಮೆತ್ತಗೆ ಸರಿಮಾಡಿದಳು.

ಇಂದ್ರೇಶ್ ಹೇಮಾಶ್ರೀಯನ್ನು ನೋಡಿದ. ನೋಡಿ... ಮುಖ ತಿರುಗಿಸಿದ. ಕಾರು ಹೊರಟುಹೋಯಿತು.

ಕುತ್ತಿಗೆ ನೋಡುವುದನ್ನೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮಹಾತಾಯಿ, ಆ ಟವೆಲಿನ ಅಂಚಿನಲ್ಲಿ ಬಿಳಿ ಪ್ಲಾಸ್ಟರ್ ಇಣುಕುತ್ತಿದ್ದದ್ದನ್ನು ನೋಡಲಿಲ್ಲ. ಹುಡುಗಿಯ ಕೈಬಳೆ ನೋಡಿದಳು. ಪ್ರೀತಿ ಕಣ್ಣು ಕಟ್ಟುತ್ತದೆ ಎನ್ನುವುದು ಸುಳ್ಳಲ್ಲ.

ಸಂಜೆಯೇ ರಜೆ ಹಾಕಿ ಕಣಕಟ್ಟೆಯ ಬಸ್ ಹತ್ತಿದಳು. ಪುಸ್ತಕ ಒಂದನ್ನೂ ತರಲಿಲ್ಲ. ಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳಲಿಲ್ಲ.

"ಮುಂದಿನ್ ವಾರ ಪರೀಕ್ಷೆ ಐತಲ್ಲ ಮಗಾ?" ಅಪ್ಪ ಲಕ್ಕಪ್ಪ ಮೆಲ್ಲಗೆ ಕೇಳಿದ.

"ಹೋಗಲ್ಲ ಅಪ್ಪ."

"ಯಾಕ್ ಮಗಾ?"

"ನನ್ನ ಕೈಲಿ ಆಗಲ್ಲ. ನಂಗೇ ನನ್ನ ಮೇಲೆ ನಂಬಿಕೆ ಇಲ್ಲ. ನನ್ನ ಕೈಗೆ ಯಾರಾದ್ರೂ ಪ್ರಾಣ ಕೊಡ್ತಾರಾ? ಕೊಡಬಾರದು..."

ಲಕ್ಕಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಎದ್ದು ಒಂದ್ ತುತ್ತು ತಿನ್ನು, ಮುದ್ದೆ ಆರೋಯ್ತದೆ" ಎಂದು ಅವಳ ತಲೆ ಸವರಿ ಹೊರಗೆ ಹೋದ. ಊರಿನವರು ಎದುರಾದಾಗಲೆಲ್ಲ "ಮಗಳು ಆಪರೇಷನ್ ಡಾಕ್ಟ್ರು ಆದ್ಲಾ?" ಎಂದು ಕೇಳುವುದೂ, ಅಪ್ಪ "ಆಯ್ತಾಳೆ" ಎನ್ನುವುದೂ ಅವಳಿಗೆ ಗೊತ್ತಿತ್ತು. ದಿಂಬು ಕಚ್ಚಿಕೊಂಡು ಅತ್ತಳು. ಬೆಳಗಾಗುವುದೇ ಬೇಡವೆನ್ನಿಸಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ.

ನಾಲ್ಕನೆಯ ದಿನ ಬೆಳಿಗ್ಗೆ ಅದೇ ಕಾರು ಅವಳ ಮನೆ ಮುಂದೆ ನಿಂತಿತು.

"ನೀವೇನಾ ಹೇಮಾಶ್ರೀ? ನಾನು ಮೇಘಶ್ರೀ, ಇಂದ್ರೇಶನ ಅತ್ತೆ ಮಗಳು."

"ಮದುವೆಗೆ ಕರೆಯೋಕೆ ಬಂದ್ರಾ?" ಧ್ವನಿಯಲ್ಲಿದ್ದ ವಿಷ ಅವಳಿಗೇ ಕಹಿಯಾಯಿತು.

"ಯಾರ ಮದುವೆ? ನಂದು ಅರೇಹಳ್ಳಿ ಹುಡುಗನ ಜೊತೆ ಗೊತ್ತಾಗಿದೆ, ಅದಕ್ಕಿನ್ನೂ ಟೈಮಿದೆ." ಮೇಘಶ್ರೀ ಅವಳ ಕೈ ಹಿಡಿದಳು. "ನಾಳೆ ಇಂದ್ರೇಶನಿಗೆ ಆಪರೇಷನ್ ಕಣ್ರೀ. ಹಾಸನದಲ್ಲಿ. ಥೈರಾಯ್ಡ್... ಕ್ಯಾನ್ಸರ್ ಅಂತೆ."

ನೆಲ ಕುಸಿದಂತಾಯಿತು.

"ನೀವು ಗಂಟಿದೆ ಅಂದ ಮಾರನೇ ದಿನವೇ ನಮ್ಮನೆಗೆ ಬಂದ. ನಾನೇ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡಿಸ್ದೆ, ಸೂಜಿ ಹಾಕಿ ಟೆಸ್ಟ್ ಮಾಡಿಸ್ದೆ. ನಿಮ್ಮ ಪರೀಕ್ಷೆ ಮುಗಿಯೋವರೆಗೂ ನಿಮಗೆ ಹೇಳಬಾರದು, ಹೇಳಿದ್ರೆ ನಿಮ್ಮ ಕೈ ನಡುಗಿಬಿಡುತ್ತೆ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ. ನನ್ ಕೈಲಿ ಆಗ್ಲಿಲ್ಲ."

ಇತ್ತು! ಗಂಟು ಇತ್ತು! ಅವಳ ಬೆರಳು ಸುಳ್ಳು ಹೇಳಿರಲಿಲ್ಲ. ಅವಳ ಬಾಯಿ ಹೇಳಿತ್ತು. ಅದನ್ನು ನಂಬಿ ಅವನು ಸುಮ್ಮನಿದ್ದುಬಿಟ್ಟಿದ್ದರೆ... ಹಾಸನದವರೆಗೂ ಅವಳ ತಲೆಯಲ್ಲಿ ಅದೊಂದೇ ಸುತ್ತುತ್ತಿತ್ತು.

ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ ಶಿವಗಂಗಮ್ಮ ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತಿದ್ದರು. ಹೇಮಾಶ್ರೀ ಕೋಣೆಯೊಳಗೆ ಹೋದಳು.

"ಇಲ್ಲ ಅಂದಿದ್ದೆನಲ್ಲ ನಾನು!" ಅವಳು ಕೂಗಿಯೇಬಿಟ್ಟಳು. "ಭ್ರಮೆ ಅಂದಿದ್ದೆ! ನನ್ನ ಮಾತು ನಂಬಿ ಸುಮ್ಮನಿದ್ದಿದ್ರೆ?"

ಇಂದ್ರೇಶ್ ದಿಂಬಿಗೊರಗಿ ಕೂತಿದ್ದ. "ನಂಬಿದೆ ಡಾಕ್ಟ್ರೇ. ಮೊದಲು ಹೇಳಿದ್ದನ್ನ ನಂಬಿದೆ. ಆಮೇಲೆ ಹೇಳಿದ್ದು ನೀವಲ್ಲ, ನಿಮ್ಮ ಭಯ."

ಅವಳು ಮಂಚದ ಅಂಚಿನಲ್ಲಿ ಕುಸಿದು ಕೂತಳು.

"ನಾಳೆ ಏನೇನು ತೊಂದರೆ ಆಗಬಹುದು ಅಂತ ಇಲ್ಲಿ ಇಂಗ್ಲಿಷ್‌ನಲ್ಲಿ ಹೇಳಿದ್ರು, ಅರ್ಧ ತಿಳೀಲಿಲ್ಲ. ನೀವು ಹೇಳಿ. ಪರೀಕ್ಷೇಲಿ ಹೇಳೋ ಹಾಗೇ ಹೇಳಿ."

ಅವಳಿಗೆ ಬಾಯಿಪಾಠವಿತ್ತು. "ರಕ್ತಸ್ರಾವ ಆಗಬಹುದು. ಕ್ಯಾಲ್ಸಿಯಂ ಕಡಿಮೆಯಾಗಿ ಬೆರಳು ಜೋಮು ಹಿಡಿಯಬಹುದು. ಧ್ವನಿಯ ನರಕ್ಕೆ ಪೆಟ್ಟಾದರೆ..."

ಮುಂದೆ ಬರಲಿಲ್ಲ. ಪುಸ್ತಕದಲ್ಲಿ ಅದು ಅರ್ಧ ಸಾಲು. ಎಷ್ಟು ಸಲ ಗಿಣಿಪಾಠ ಒಪ್ಪಿಸಿದ್ದಳೋ! ಈಗ ಅದು ತನ್ನನ್ನು ದಿನಾ "ಡಾಕ್ಟ್ರೇ" ಎಂದು ಕರೆದ ಗಂಟಲು.

"ಧ್ವನಿ ಹೋಗಬಹುದು. ಅಲ್ವಾ?"

"ಬಹಳ ಕಡಿಮೆ ಜನಕ್ಕೆ... ಕಾಯಿಲೆನೂ ವಾಸಿಯಾಗುತ್ತೆ ಇಂದ್ರೇಶ್, ತುಂಬ ಜನಕ್ಕೆ ಆಗುತ್ತೆ..."

"ಹೋದ್ರೆ ಹೋಗ್ಲಿ. ಒಂದು ಮಾತನ್ನ ಮಾತ್ರ ಈ ಗಂಟಲು ಇರೋವಾಗಲೇ ಹೇಳ್ಬಿಡ್ತೀನಿ." ಅವನ ಕಣ್ಣು ತುಂಬಿತ್ತು. "ಹೇಮಾ... ನೀವಂದ್ರೆ ನಂಗೆ ಪ್ರಾಣ. ಅಮ್ಮನ ಕಾಲು ಬೇಗ ವಾಸಿ ಆಗಬಾರದು ಅಂತ ಬೇಡ್ಕೊಂಡ ಪಾಪಿ ನಾನು."

ಅಳುತ್ತಲೇ ಅವಳಿಗೆ ನಗು ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಹಣೆ ತುಂಬ ವಿಭೂತಿ, ಷಡಕ್ಷರಪ್ಪ.

"ಕೇಳಿಸ್ಕಂಡೆ. ನಿಮ್ಮೋರು ಬೇರೆ ನಮ್ಮೋರು ಬೇರೆ, ಅದು ಆಮೇಲಿನ್ ಮಾತು. ಇವನಿಗೆ ನಾಳೆ ಹೆಂಗೋ ಏನೋ... ನಿಂಗೆ ಇವನ ಮೇಲಿರೋದು ಬರೀ ಕನಿಕರ ಅಂದ್ರೆ ಈಗ್ಲೇ ಹೇಳ್ಬುಡವ್ವ."

"ಕನಿಕರ ಅಲ್ಲ. ನಂಗೆ ಇವರು ಬೇಕು."

"ದುಃಖದಾಗೆ ಆಡೋ ಮಾತು ಬೇರೆ ತಾಯಿ. ಇನ್ನೊಂದ್ ಕಿತ ಯೋಚ್ನೆ ಮಾಡು. ನಾಳಿಕೆ ಇವನು ಮಾತೇ ಆಡ್ದಂಗಾದ್ರೆ?"

ಎರಡು ಸಲ ಹೇಮಾಶ್ರೀಯನ್ನು ನುಂಗಿದ ಅದೇ ಭಯ ಮತ್ತೆ ಎದೆಗೆ ಬಂದು ಕೂತಿತ್ತು. ಅವಳು ಇಂದ್ರೇಶನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹತ್ತು ಸಲ ಕೇಳಿ ಯಜಮಾನ್ರೇ. ಇದೇ ಉತ್ತರ."

ಷಡಕ್ಷರಪ್ಪ ಅವಳನ್ನು ಕ್ಷಣಹೊತ್ತು ನೋಡಿದರು. ಹೆಗಲ ಮೇಲಿನ ವಲ್ಲಿಯಲ್ಲಿ ಕಣ್ಣೊರೆಸಿಕೊಂಡು ಹೊರಗೆ ಹೋದರು.

"ಪರೀಕ್ಷೆಗೆ ಹೋಗ್ತೀರಾ?" ಇಂದ್ರೇಶ್ ಕೇಳಿದ.

"ಹೋಗ್ತೀನಿ. ನಾಳೆ ನೀವು ಕಣ್ಣು ಬಿಟ್ಟಿದ್ದು ನೋಡಿ ಹೋಗ್ತೀನಿ. ಪಾಸಾಗ್ತೀನೋ ಇಲ್ವೋ ಗೊತ್ತಿಲ್ಲ... ಹೇಳಿದ್ದನ್ನ ಮಾತ್ರ ವಾಪಸ್ ತಗೊಳಲ್ಲ."

ಅವನು ಮಗುವಿನ ಹಾಗೆ ಕೇಳಿದ. "ಭಯ ಆಗ್ತಿದೆ ಹೇಮಾ. ನಿಜವಾಗ್ಲೂ ಧ್ವನಿ ಬರದಿದ್ರೆ?"

"ನಾನು ಮಾತಾಡ್ತೀನಿ. ಬೆಳಿಗ್ಗೆಯಿಂದ ಸಂಜೆವರೆಗೂ ತಲೆ ತಿಂತೀನಿ. ನೀವು ಹೂಂಗುಟ್ಟಿದ್ರೆ ಸಾಕು."

"ಬರೀ ಹೂಂಗುಟ್ಟೋದಾ?"

"ಎಲ್ಲಿ, ಹೂಂ ಅನ್ನಿ ನೋಡೋಣ."

"ಹೂಂ."

ಅವಳು ಅವನ ಎದೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದಳು.

"ಇನ್ನೊಂದ್ಸಲ..."

"ಹೂಂ."